ಚಿಕ್ಕ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು, ಮೂವತ್ತು, ನಲವತ್ತರ ಹರೆಯದಲ್ಲಿ ದೊಡ್ಡ ಕರುಳು ಇಲ್ಲವೇ ಗುದನಾಳದ ಕ್ಯಾನ್ಸರ್ ಆದವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಫೋನಿನಲ್ಲಿ ದನಿ ತಗ್ಗಿಸಿ ಕೇಳಿದಂಥವು. ನಾನು ಡಾಕ್ಟರಲ್ಲ. ಗುದನಾಳದ ಕ್ಯಾನ್ಸರಿಗೆ ರೇಡಿಯೇಷನ್, ಕೀಮೋ, ಆಪರೇಷನ್ ಮೂರನ್ನೂ ದಾಟಿ ಬಂದವಳು. ಔಷಧಿ, ಡೋಸಿನ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ. ಆದರೆ ಅವರ ಮುಂದೆ ಏನನ್ನು ಬಾಯಿಬಿಟ್ಟು ಕೇಳಬೇಕು ಎಂಬುದನ್ನು ನಾನು ಹೇಳಬಲ್ಲೆ. ಈ ಕಾಯಿಲೆಯಲ್ಲಿ ನಾವು ನಾಚಿಕೊಂಡಷ್ಟೂ ಗಡ್ಡೆಗೆ ಬೆಳೆಯಲು ಸಮಯ ಸಿಗುತ್ತದೆ.

ನನಗಿನ್ನೂ ಮೂವತ್ತೆರಡು. ಈ ವಯಸ್ಸಿಗೆ ಇದು ಬರುತ್ತದೆಯೇ?

ಬರುತ್ತದೆ. ಐವತ್ತಕ್ಕಿಂತ ಮೊದಲು ಬಂದರೆ ಅದನ್ನು ಎಳೆ ವಯಸ್ಸಿನ ಕರುಳಿನ ಕ್ಯಾನ್ಸರ್ ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದಲ್ಲಿ 1990ರ ಸುಮಾರಿಗೆ ಹುಟ್ಟಿದವರಿಗೆ, 1950ರ ಸುಮಾರಿಗೆ ಹುಟ್ಟಿದವರು ಅದೇ ವಯಸ್ಸಿನಲ್ಲಿ ಇದ್ದಾಗ ಇದ್ದುದಕ್ಕಿಂತ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಎರಡು ಪಟ್ಟು, ಗುದನಾಳದ ಕ್ಯಾನ್ಸರಿನ ಅಪಾಯ ನಾಲ್ಕು ಪಟ್ಟು ಎಂದು 2017ರ ಅಧ್ಯಯನವೊಂದು ತೋರಿಸಿತು. ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್‌ಗೆ 2016ರಲ್ಲಿ ಮೂರನೇ ಹಂತದಲ್ಲಿ ಇದು ಪತ್ತೆಯಾಯಿತು. 2020ರ ಆಗಸ್ಟಿನಲ್ಲಿ ತೀರಿಕೊಂಡಾಗ ಅವರಿಗೆ 43. ಅಲ್ಲಿಯವರೆಗೆ ಹೊರಗಿನವರಿಗೆ ವಿಷಯವೇ ಗೊತ್ತಿರಲಿಲ್ಲ.

ನಮ್ಮ ದೇಶದಲ್ಲಿ ಒಟ್ಟು ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಕಡಿಮೆ. ಆದರೂ ಜನಸಂಖ್ಯೆ ದೊಡ್ಡದಾದ್ದರಿಂದ ವರ್ಷಕ್ಕೆ ಸುಮಾರು 70 ಸಾವಿರ ಹೊಸ ರೋಗಿಗಳು ಎಂಬ ಅಂದಾಜಿದೆ. ಅವರಲ್ಲಿ ಚಿಕ್ಕ ವಯಸ್ಸಿನವರ ಪಾಲು ಹೆಚ್ಚು, ಗುದನಾಳದ ಗಡ್ಡೆಗಳೂ ಹೆಚ್ಚು. ಯಾವುದೇ ಕ್ಯಾನ್ಸರ್ ಆಸ್ಪತ್ರೆಯ ಕೀಮೋ ವಾರ್ಡಿಗೆ ಹೋಗಿ ನೋಡಿ, ಪಕ್ಕದ ಹಾಸಿಗೆಯಲ್ಲಿ ನಿಮ್ಮ ಓರಗೆಯವರೇ ಸಿಗುತ್ತಾರೆ.

ಮಲದಲ್ಲಿ ರಕ್ತ ಬಂದರೆ ಪೈಲ್ಸ್ ತಾನೇ?

ಬಹಳ ಸಲ ಹೌದು. ಪೈಲ್ಸೋ ಗುದದ ಬಿರುಕೋ ಆಗಿರುತ್ತದೆ. ಆದರೆ ಅದನ್ನು ನೋಡಿ ಹೇಳಬೇಕು, ರೋಗಿಯ ಮಾತು ಕೇಳಿ ಹೇಳುವುದಲ್ಲ. ಗುದನಾಳದ ಕೆಳಭಾಗದ ಗಡ್ಡೆಗಳು ಡಾಕ್ಟರ ಬೆರಳಿಗೇ ಸಿಗುತ್ತವೆ. ಕೈಗವಸು ಹಾಕಿಕೊಂಡು, ಜೆಲ್ಲಿ ಹಚ್ಚಿ, ಒಂದು ನಿಮಿಷದೊಳಗೆ ಮುಗಿಯುವ ಪರೀಕ್ಷೆ ಅದು. ಆ ಒಂದು ನಿಮಿಷ ಆಗದೆ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡವರು ಎಷ್ಟೋ ಮಂದಿ. ಡಾಕ್ಟರಿಗೆ ಮುಜುಗರ, ರೋಗಿಗೆ ಅದಕ್ಕಿಂತ ಹೆಚ್ಚು ಮುಜುಗರ, ಜೊತೆಗೆ ಬಂದ ಅತ್ತೆಗೆ ಇನ್ನೂ ಹೆಚ್ಚು. ನಮ್ಮ ಬಸ್ ಸ್ಟ್ಯಾಂಡುಗಳ ಗೋಡೆಯ ಮೇಲೆ 'ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ' ಎಂಬ ಬೋರ್ಡುಗಳಿಗೆ ಬರವಿಲ್ಲ. ಒಳಗೆ ನೋಡದೆ ಚಿಕಿತ್ಸೆ ಶುರು ಮಾಡುವ ಯಾರ ಬಳಿಗೂ ಹೋಗಬೇಡಿ.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2023ರಲ್ಲಿ ಎಳೆಯ ರೋಗಿಗಳ ದಾಖಲೆ ತೆಗೆದು ನೋಡಿದರು. ರೋಗ ಪತ್ತೆಯಾಗುವ ಮೂರು ತಿಂಗಳಿಂದ ಎರಡು ವರ್ಷ ಮೊದಲೇ ನಾಲ್ಕು ಲಕ್ಷಣಗಳು ಕಾಣಿಸಿಕೊಂಡಿದ್ದವು: ಹೊಟ್ಟೆನೋವು, ಮಲದಲ್ಲಿ ರಕ್ತ, ಬಿಡದ ಭೇದಿ, ಕಬ್ಬಿಣಾಂಶ ಕೊರತೆಯ ರಕ್ತಹೀನತೆ. ಇದರ ಜೊತೆಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ. ಹೋಗಿ ಬಂದರೂ ಇನ್ನೂ ಇದೆ ಅನ್ನಿಸಿ ಮತ್ತೆ ಮತ್ತೆ ಕಕ್ಕಸಿಗೆ ಓಡುವುದು, ಹೋದರೆ ಬರೀ ಲೋಳೆ. ಗುದನಾಳದ ಗಡ್ಡೆಯ ಕಿರಿಕಿರಿ ಹೀಗೇ ಇರುತ್ತದೆ.

ರಕ್ತಹೀನತೆಯ ಬಗ್ಗೆ ಹೆಣ್ಣುಮಕ್ಕಳಿಗೆ ಒಂದು ಮಾತು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದರೂ 'ಮುಟ್ಟಿನಿಂದ ಇರಬೇಕು' ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ನಮ್ಮಲ್ಲಿ ಮಾಮೂಲು. ಮಾತ್ರೆ ತಿಂದರೂ ಏರದಿದ್ದರೆ, ಅಥವಾ ಏರಿ ಮತ್ತೆ ಇಳಿದರೆ, 'ಕರುಳು ನೋಡಬೇಕಲ್ಲವೇ?' ಎಂದು ನೀವೇ ಕೇಳಿ. ಗಂಡಸರಿಗಂತೂ ಕಬ್ಬಿಣದ ಕೊರತೆ ಇದೆ ಎಂದರೆ ಕರುಳನ್ನು ನೋಡಲೇಬೇಕು.

ಕೊಲೊನೋಸ್ಕೋಪಿ ತುಂಬಾ ನೋವಾಗುತ್ತದೆಯೇ?

ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಗುದದ್ವಾರದಿಂದ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ ಇದು. ಪರೀಕ್ಷೆಗಿಂತ ಹಿಂದಿನ ರಾತ್ರಿಯೇ ಕಷ್ಟ. ಕರುಳು ತೊಳೆಯುವ ಪುಡಿಯನ್ನು ನೀರಿಗೆ ಹಾಕಿ, ಲೀಟರುಗಟ್ಟಲೆ, ಉಪ್ಪುಪ್ಪಾದ ಆ ದ್ರಾವಣವನ್ನು ಲೋಟ ಲೋಟ ಕುಡಿಯಬೇಕು. ತಣ್ಣಗೆ ಮಾಡಿ ಕುಡಿದರೆ, ಮಧ್ಯೆ ನಿಂಬೆಹುಳಿ ನೆಕ್ಕಿದರೆ ಸ್ವಲ್ಪ ಸಲೀಸು. ಕೊನೆಗೆ ಹೊರಬರುವುದು ತಿಳಿ ಹಳದಿ ನೀರಿನಂತಿರಬೇಕು. ಹಾಗಾಗದಿದ್ದರೆ ಡಾಕ್ಟರಿಗೆ ಸಣ್ಣ ಗಂಟುಗಳು ಕಾಣುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ಎಷ್ಟೋ ಜನಕ್ಕೆ ನೆನಪೂ ಉಳಿಯುವುದಿಲ್ಲ. ಪಾಲಿಪ್ ಎಂಬ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಸಿಕ್ಕಿದ ಪಾಲಿಪ್ಪನ್ನು ಅಲ್ಲೇ ಕತ್ತರಿಸಿ ತೆಗೆದರೆ ಅದು ಕ್ಯಾನ್ಸರ್ ಆಗುವುದೇ ಇಲ್ಲ.

ಬಯಾಪ್ಸಿ ಮಾಡಿದರೆ ರೋಗ ಹರಡುತ್ತದಂತೆ?

ಇಲ್ಲ. ಬಯಾಪ್ಸಿ ಎಂದರೆ ಗಡ್ಡೆಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು. ಕರುಳಿನ ಗಡ್ಡೆಯ ಬಯಾಪ್ಸಿಯಿಂದ ರೋಗ ಹರಡುವುದಿಲ್ಲ. ಅದಿಲ್ಲದೆ ಚಿಕಿತ್ಸೆ ಶುರು ಮಾಡಲಾಗದು.

ನಾನೇನು ತಪ್ಪು ಮಾಡಿದೆ? ಖಾರ ತಿಂದದ್ದಕ್ಕೋ, ಹೊರಗೆ ತಿಂದದ್ದಕ್ಕೋ?

ಖಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಅಪಾಯ ಹೆಚ್ಚಿಸುವ ಸಂಗತಿಗಳು ಇವೆ: ಬೊಜ್ಜು, ಕೂತೇ ಇರುವ ಬದುಕು, ಮದ್ಯ, ಸಿಗರೇಟು, ಸಾಸೇಜು-ಬೇಕನ್‌ಗಳಂಥ ಸಂಸ್ಕರಿಸಿದ ಮಾಂಸ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನು 2015ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಆದರೆ ಎಳೆಯ ರೋಗಿಗಳಲ್ಲಿ ಇವು ಯಾವುವೂ ಇಲ್ಲದವರು ಬಹಳ. ಬೀಡಿ ಮುಟ್ಟದ, ಹೊಲದಲ್ಲಿ ದುಡಿಯುವ, ಮುದ್ದೆ ಸಾರು ಉಣ್ಣುವ ಹುಡುಗನಿಗೂ ಬಂದಿರುತ್ತದೆ.

2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹೊಸ ಸುಳಿವು ಕೊಟ್ಟಿದೆ. 11 ದೇಶಗಳ 981 ರೋಗಿಗಳ ಗಡ್ಡೆಗಳ ಜೀನುಗಳನ್ನು ಓದಿದಾಗ, ಕೆಲವು ಇ. ಕೋಲಿ ಬ್ಯಾಕ್ಟೀರಿಯಾಗಳು ಉಗುಳುವ ಕೊಲಿಬ್ಯಾಕ್ಟಿನ್ ಎಂಬ ವಿಷದ ಗುರುತುಗಳು ಸಿಕ್ಕವು. ಎಪ್ಪತ್ತು ದಾಟಿದವರಿಗೆ ಹೋಲಿಸಿದರೆ ನಲವತ್ತರ ಒಳಗಿನವರಲ್ಲಿ ಈ ಗುರುತು ಮೂರು ಪಟ್ಟಿಗಿಂತ ಹೆಚ್ಚು. ಆ ಹಾನಿ ಬಾಲ್ಯದಲ್ಲೇ, ಹತ್ತು ವರ್ಷದೊಳಗೆ ಆಗಿರಬಹುದು ಎಂಬುದು ಸಂಶೋಧಕರ ಊಹೆ. ಇದೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ. ಆದರೆ 'ನೀನು ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಬಂತು' ಎನ್ನುವ ನೆಂಟರಿಗೆ ಉತ್ತರವಾಗಿ ಇಷ್ಟನ್ನು ಹೇಳಬಹುದು. ರೋಗಿಯ ಮೇಲೆ ತಪ್ಪು ಹೊರಿಸುವ ಮಾತನ್ನು ಮನೆಯಲ್ಲಿ ಯಾರಾದರೂ ಮೊದಲ ದಿನವೇ ತಡೆಯಬೇಕು. ರೋಗಿಗೆ ಆ ಶಕ್ತಿ ಇರುವುದಿಲ್ಲ.

ರಿಪೋರ್ಟ್ ಬಂದಿದೆ. ಡಾಕ್ಟರನ್ನು ಏನು ಕೇಳಬೇಕು?

ಎಷ್ಟನೇ ಹಂತ ಎಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆ ಕೇಳಲೇಬೇಕಾದ್ದು ಎಂಎಂಆರ್ ಪರೀಕ್ಷೆ ಆಗಿದೆಯೇ ಎಂಬುದು. ಬಯಾಪ್ಸಿಯ ಅದೇ ತುಣುಕಿನಲ್ಲಿ ಮಾಡುವ ಪರೀಕ್ಷೆ ಅದು. ಜೀವಕೋಶದ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯೇ ಎಂದು ತೋರಿಸುತ್ತದೆ. ಕೆಟ್ಟಿದ್ದರೆ ಎರಡು ಅರ್ಥ: ರೋಗ ವಂಶಪಾರಂಪರ್ಯವಾಗಿ ಬಂದಿರಬಹುದು, ಮತ್ತು ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ತಿರುಗಿಸುವ ಇಮ್ಯುನೋಥೆರಪಿ ಚೆನ್ನಾಗಿ ಕೆಲಸ ಮಾಡಬಹುದು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಇಂಥ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೋಸ್ಟಾರ್ಲಿಮಾಬ್ ಎಂಬ ಔಷಧಿ ಒಂದನ್ನೇ ಕೊಟ್ಟರು. ಚಿಕಿತ್ಸೆ ಮುಗಿಸಿದ ಮೊದಲ 12 ಜನರಲ್ಲೂ ಗಡ್ಡೆ ಕಾಣದಾಯಿತು ಎಂದು 2022ರಲ್ಲಿ ವರದಿಯಾಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. ಈ ಬಗೆಯ ಗಡ್ಡೆ ಇರುವವರು ಕಡಿಮೆ, ಔಷಧಿ ಬಲು ದುಬಾರಿ. ಆದರೂ ನಿಮ್ಮದು ಆ ಬಗೆಯದೇ ಎಂದು ತಿಳಿಯದೆ ಮುಂದೆ ಹೋಗಬೇಡಿ.

ಎರಡನೇ ಅಭಿಪ್ರಾಯ ಪಡೆಯಲು ಸಂಕೋಚ ಬೇಡ. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಮುಂಬೈನ ಟಾಟಾ ಮೆಮೋರಿಯಲ್, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಮಣಿಪಾಲ, ನಿಮಗೆ ಯಾವುದು ಹತ್ತಿರವೋ ಅಲ್ಲಿಗೆ ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕುಗಳನ್ನೇ ತೆಗೆದುಕೊಂಡು ಹೋಗಿ. ಕಾಗದದ ರಿಪೋರ್ಟ್ ಸಾಲದು. ಸ್ಕ್ಯಾನಿನ ಸಿಡಿಯನ್ನೂ ಮರೆಯಬೇಡಿ.

ಮಕ್ಕಳಾಗುತ್ತದೆಯೇ?

ಈ ಪ್ರಶ್ನೆಯನ್ನು ಚಿಕಿತ್ಸೆ ಶುರುವಾಗುವ ಮೊದಲು ಕೇಳಬೇಕು. ಆಮೇಲೆ ಕೇಳಿದರೆ ದಾರಿಗಳು ಕಡಿಮೆ. ಆಸ್ಪತ್ರೆಯವರು ತಾವಾಗಿ ಹೇಳುತ್ತಾರೆ ಎಂದು ಕಾಯಬೇಡಿ. ಅಲ್ಲಿನ ಅವಸರದಲ್ಲಿ, ಅದರಲ್ಲೂ ಮದುವೆಯಾಗದ ಹುಡುಗಿಯರಿಗೆ, ಇದನ್ನು ಹೇಳದೆ ಬಿಡುವುದೇ ಹೆಚ್ಚು.

ಗಂಡಸರಿಗೆ ವೀರ್ಯ ಸಂಗ್ರಹಿಸಿಡುವುದು ಒಂದೆರಡು ದಿನದ ಕೆಲಸ. ಹೆಂಗಸರಿಗೆ ಅಂಡಾಣು ಇಲ್ಲವೇ ಭ್ರೂಣ ಶೈತ್ಯೀಕರಿಸಲು ಸುಮಾರು ಎರಡು ವಾರ ಬೇಕು. ಚಿಕಿತ್ಸೆಗೆ ಅಷ್ಟು ತಡವಾಗಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ, ಬಹಳ ಸಲ ಆಗಬಹುದು ಎನ್ನುತ್ತಾರೆ. ಬರೀ ದೊಡ್ಡ ಕರುಳಿನ ಗಡ್ಡೆ, ಆಪರೇಷನ್ ಮತ್ತು ಕೀಮೋ ಮಾತ್ರ ಎಂದರೆ ಫಲವತ್ತತೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಟ್ಟರೆ ಮಾತು ಬೇರೆ. ಅಂಡಾಶಯ ನಿಂತುಹೋಗುತ್ತದೆ, ಗರ್ಭಕೋಶ ಬಿಗಿಯಾಗಿ ಬಸಿರು ಹೊರುವುದು ಕಷ್ಟವಾಗುತ್ತದೆ. ಅಂಡಾಶಯವನ್ನು ರೇಡಿಯೇಷನ್ ಬೀಳದ ಜಾಗಕ್ಕೆ ಮೇಲೆತ್ತಿ ಹೊಲಿಯುವ ಆಪರೇಷನ್ ಇದೆ. ಗರ್ಭಕೋಶಕ್ಕೆ ಅಂಥ ಸುಲಭದ ದಾರಿ ಇಲ್ಲ.

ಮುಟ್ಟು ಬೇಗ ನಿಂತವರು ಮೂಳೆಯ ಆರೋಗ್ಯದ ಬಗ್ಗೆ, ಹಾರ್ಮೋನ್ ಮಾತ್ರೆಯ ಬಗ್ಗೆ ಕೇಳಬೇಕು. ಸಾಮಾನ್ಯ ಸ್ತನ ಕ್ಯಾನ್ಸರಿನಂತೆ ಇದು ಹಾರ್ಮೋನಿನಿಂದ ಬೆಳೆಯುವ ಕಾಯಿಲೆಯಲ್ಲ, ಹಾಗಾಗಿ ಹೆಚ್ಚಿನವರಿಗೆ ಹಾರ್ಮೋನ್ ಮಾತ್ರೆ ಕೊಡಬಹುದು. ಮೂವತ್ತೈದರ ಹೆಣ್ಣು ಬೆವರಿ ಎದ್ದು ರಾತ್ರಿಯಿಡೀ ಕೂರುವುದನ್ನು 'ಬದುಕಿದ್ದೀಯಲ್ಲ, ಸಾಕು' ಎಂದು ಸಹಿಸಬೇಕಿಲ್ಲ.

ಕೀಮೋದಲ್ಲಿ ಕೂದಲು ಪೂರ್ತಿ ಹೋಗುತ್ತದೆಯೇ?

ಈ ರೋಗಕ್ಕೆ ಹೆಚ್ಚಾಗಿ ಕೊಡುವ ಆಕ್ಸಾಲಿಪ್ಲಾಟಿನ್, ಕ್ಯಾಪೆಸಿಟಬಿನ್ ಜೋಡಿಯಲ್ಲಿ ಕೂದಲು ತೆಳ್ಳಗಾಗುತ್ತದೆ, ಬೋಳಾಗುವುದು ಅಪರೂಪ. ಕಾಡುವುದು ಬೇರೆಯದು. ಆಕ್ಸಾಲಿಪ್ಲಾಟಿನ್ ಹನಿಸಿದ ಮೇಲೆ ಕೆಲವು ದಿನ ತಣ್ಣನೆಯದೇನನ್ನೂ ಮುಟ್ಟಲಾಗುವುದಿಲ್ಲ. ಫ್ರಿಜ್ಜಿನೊಳಗೆ ಕೈ ಹಾಕಿದರೆ ಸೂಜಿ ಚುಚ್ಚಿದ ಹಾಗಾಗುತ್ತದೆ. ತಣ್ಣೀರು ಕುಡಿದರೆ ಗಂಟಲು ಹಿಡಿದು ಉಸಿರೇ ನಿಂತಂತೆ ಅನ್ನಿಸುತ್ತದೆ. ಚಳಿಗಾಲದ ಬೆಳಗ್ಗೆ ಸ್ಟೀಲ್ ಚೊಂಬು ಹಿಡಿಯಲೂ ಕಾಲುಚೀಲವನ್ನು ಕೈಗೆ ಹಾಕಿಕೊಂಡವರಿದ್ದಾರೆ. ಬಿಸಿನೀರು, ಕೈಗವಸು, ಮಫ್ಲರು ಸಿದ್ಧವಿಟ್ಟುಕೊಳ್ಳಿ.

ಅದು ಹೋಗುತ್ತದೆ. ನಿಧಾನವಾಗಿ ಬರುವ ಜೋಮು ಮಾತ್ರ ವರ್ಷಗಟ್ಟಲೆ ಉಳಿಯಬಹುದು. ಅಂಗಿಯ ಗುಂಡಿ ಹಾಕಲಾಗದಿರುವುದು, ಹೂ ಕಟ್ಟುವಾಗ ದಾರ ಜಾರುವುದು, ಚಪ್ಪಲಿ ಕಾಲಿನಿಂದ ಬಿದ್ದುಹೋದರೂ ಗೊತ್ತಾಗದಿರುವುದು. ಇವುಗಳಲ್ಲಿ ಒಂದಾದರೂ ಶುರುವಾದ ಕೂಡಲೇ ಡಾಕ್ಟರಿಗೆ ಹೇಳಿ. ಹೇಳಿದರೆ ಕೀಮೋ ನಿಲ್ಲಿಸಿಬಿಡುತ್ತಾರೆ, ರೋಗ ವಾಪಸು ಬರುತ್ತದೆ ಎಂದು ಎಷ್ಟೋ ರೋಗಿಗಳು ಮುಚ್ಚಿಡುತ್ತಾರೆ. ಡೋಸ್ ತಗ್ಗಿಸುವ, ಆ ಒಂದು ಔಷಧಿಯನ್ನಷ್ಟೇ ಬಿಡುವ ದಾರಿಗಳಿವೆ. ಮೂರನೇ ಹಂತದ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಅಪಾಯ ಕಡಿಮೆ ಇರುವವರಿಗೆ ಈ ಜೋಡಿಯನ್ನು ಆರು ತಿಂಗಳ ಬದಲು ಮೂರೇ ತಿಂಗಳು ಕೊಟ್ಟರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ.

ಒಂದನ್ನು ಗೋಡೆಗೆ ಅಂಟಿಸಿಕೊಳ್ಳಿ: ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಹೊಟ್ಟೆಗೆ ಬ್ಯಾಗ್ ಹಾಕುತ್ತಾರಂತೆ. ಅದಕ್ಕಿಂತ ಸಾಯುವುದೇ ಮೇಲಲ್ಲವೇ?

ಅಲ್ಲ. ಇದನ್ನು ಕೇಳದ ರೋಗಿಯೇ ಇಲ್ಲ. ಬ್ಯಾಗಿನ ಭಯಕ್ಕೆ ಆಪರೇಷನ್ ಬಿಟ್ಟು, ನಾಟಿ ಔಷಧಿಯ ಹಿಂದೆ ಹೋಗಿ, ಕರುಳು ಕಟ್ಟಿಕೊಂಡಾಗ ತುರ್ತಾಗಿ ಬ್ಯಾಗ್ ಹಾಕಿಸಿಕೊಂಡವರ ಕಥೆ ಪ್ರತಿ ವಾರ್ಡಿನಲ್ಲೂ ಇದೆ.

ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿರುತ್ತಾರೆ, ಅದೇ ಸ್ಟೋಮಾ. ಅಲ್ಲಿಂದ ಬರುವ ಮಲ ಮೇಲೆ ಅಂಟಿಸಿದ ಬ್ಯಾಗಿಗೆ ಬೀಳುತ್ತದೆ. ಕೆಂಪಗೆ, ಬಾಯಿಯ ಒಳಚರ್ಮದ ಹಾಗೆ ಒದ್ದೆಯಾಗಿರುತ್ತದೆ. ಅದಕ್ಕೆ ನೋವಿನ ನರಗಳಿಲ್ಲ, ಮುಟ್ಟಿದರೆ ನೋಯುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಬಣ್ಣ ಕಪ್ಪಿಗೆ ಅಥವಾ ನೀಲಿಗೆ ತಿರುಗಿದರೆ ಮಾತ್ರ ತಕ್ಷಣ ಓಡಿ. ಸಾಮಾನ್ಯವಾಗಿ ದೊಡ್ಡ ಕರುಳಿನದು ಎಡಗಡೆ, ಸಣ್ಣ ಕರುಳಿನದು ಬಲಗಡೆ. ಸಣ್ಣ ಕರುಳಿನದು ಹೆಚ್ಚಾಗಿ ತಾತ್ಕಾಲಿಕ, ಕೆಲವು ತಿಂಗಳ ನಂತರ ಮುಚ್ಚುತ್ತಾರೆ. ಗುದದ್ವಾರವನ್ನೇ ತೆಗೆದವರಿಗೆ ಸ್ಟೋಮಾ ಶಾಶ್ವತ.

ಆಪರೇಷನ್ನಿಗೆ ಮೊದಲು ಜಾಗ ಗುರುತು ಮಾಡಿಸಿಕೊಳ್ಳಿ. ಮಲಗಿಸಿ ಗುರುತು ಮಾಡಿದರೆ ಸಾಲದು, ಕೂತು, ನಿಂತು, ಬಗ್ಗಿ ತೋರಿಸಬೇಕು. ಪ್ಯಾಂಟಿನ ಬೆಲ್ಟು, ಪಂಚೆಯ ಗಂಟು, ಸೀರೆಯ ಲಂಗದ ಲಾಡಿ ಎಲ್ಲಿ ಬರುತ್ತದೆ ಎಂದು ಹೇಳಿ. ನಾನು ದಿನಾ ಉಡುವ ಸೀರೆಯ ಲಂಗವನ್ನೇ ಉಟ್ಟುಕೊಂಡು ಹೋಗಿ ಗುರುತು ಹಾಕಿಸಿಕೊಂಡೆ, ಅದರ ಲಾಭ ಇಂದಿಗೂ ಅನುಭವಿಸುತ್ತಿದ್ದೇನೆ.

ಬ್ಯಾಗಿನ ಅಂಟುಬಿಲ್ಲೆಯ ತೂತನ್ನು ಸ್ಟೋಮಾಕ್ಕಿಂತ ಎರಡು ಮಿಲಿಮೀಟರಿನಷ್ಟೇ ದೊಡ್ಡದಾಗಿ ಕತ್ತರಿಸಬೇಕು. ದೊಡ್ಡದಾದರೆ ಮಲ ಚರ್ಮಕ್ಕೆ ತಾಗಿ ಸುಟ್ಟಂತೆ ಹುಣ್ಣಾಗುತ್ತದೆ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ಹಾಗಾಗಿ ಪ್ರತಿ ಸಲ ಅಳೆಯಿರಿ. ಚರ್ಮವನ್ನು ಬರೀ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ, ಪೌಡರು, ಘಮಘಮಿಸುವ ಸೋಪು ಯಾವುದೂ ಬೇಡ, ಅಂಟು ಹಿಡಿಯುವುದಿಲ್ಲ. ಬೆಳಗ್ಗೆ ಏನೂ ತಿನ್ನುವ ಮೊದಲು ಬದಲಾಯಿಸಿದರೆ ಕರುಳು ಶಾಂತವಾಗಿರುತ್ತದೆ. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಸರಿಯಾಗಿ ಅಂಟಿದ ಬ್ಯಾಗಿನಿಂದ ಹೊರಗೆ ವಾಸನೆ ಬರುವುದಿಲ್ಲ. ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ.

'ಪೂಜೆಗೆ ಕೂರಬಹುದೇ, ಮಡಿ ಕೆಡುತ್ತದಲ್ಲ' ಎಂದು ಕೇಳುತ್ತಾರೆ. ಎಲ್ಲರ ಹೊಟ್ಟೆಯಲ್ಲೂ ಇರುವುದು ಅದೇ, ನಮಗೆ ಒಂದು ಗೇಣು ಮುಂದೆ ಬಂದಿದೆ ಅಷ್ಟೇ. ಸ್ನಾನ ಮಾಡಿ, ಬ್ಯಾಗ್ ಖಾಲಿ ಮಾಡಿ, ಧಾರಾಳವಾಗಿ ಕೂರಿ. ಅಡುಗೆಯನ್ನೂ ಮಾಡಿ. ಸೊಸೆಯನ್ನು ಅಡುಗೆಮನೆಯಿಂದ ಹೊರಗಿಟ್ಟ ಮನೆಗಳನ್ನು ಕಂಡಿದ್ದೇನೆ. ಆ ನೋವು ಕೀಮೋದ ನೋವಿಗಿಂತ ಹೆಚ್ಚು ದಿನ ಉಳಿಯುತ್ತದೆ.

ಬ್ಯಾಗ್ ಇರುವಾಗ ಊಟ ಏನು?

ಮೊದಲ ಕೆಲವು ವಾರ ಮೆತ್ತಗಿನ ಅನ್ನ, ಇಡ್ಲಿ, ಗಂಜಿ, ಮೊಸರನ್ನ. ಆಮೇಲೆ ಒಂದೊಂದನ್ನೇ ಸೇರಿಸುತ್ತಾ ಹೋಗಿ. ಹುರುಳಿ, ಅವರೆಕಾಳು, ಎಲೆಕೋಸು ಗಾಳಿ ತುಂಬಿಸುತ್ತವೆ. ಅನ್ನ, ಬಾಳೆಹಣ್ಣು ಮಲವನ್ನು ಗಟ್ಟಿ ಮಾಡುತ್ತವೆ. ಸಣ್ಣ ಕರುಳಿನ ಸ್ಟೋಮಾ ಇದ್ದವರಿಗೆ ಕಾಯಿ ಚೂರು, ಕಡಲೆಬೀಜ, ಜೋಳದ ತೆನೆ, ಅಣಬೆ ಸಿಕ್ಕಿಹಾಕಿಕೊಂಡು ಕರುಳು ಕಟ್ಟಬಹುದು. ಕಾಯಿತುರಿ ಇಲ್ಲದೆ ನಮಗೆ ಪಲ್ಯವೇ ಇಲ್ಲ, ನಿಜ. ನುಣ್ಣಗೆ ರುಬ್ಬಿ ಹಾಕಿ, ಚೆನ್ನಾಗಿ ಅಗಿದು ನುಂಗಿ.

ಸಣ್ಣ ಕರುಳಿನ ಸ್ಟೋಮಾದಲ್ಲಿ ದೊಡ್ಡ ಅಪಾಯ ನಿರ್ಜಲೀಕರಣ. ಬ್ಯಾಗ್ ನೀರು ನೀರಾಗಿ ತುಂಬಿ ತುಂಬಿ ಬಂದಾಗ ಬರೀ ನೀರು ಕುಡಿದರೆ ದೇಹದ ಉಪ್ಪು ಇನ್ನಷ್ಟು ತೊಳೆದುಹೋಗುತ್ತದೆ. ಎಳನೀರನ್ನು ಎಲ್ಲರೂ ತಂದುಕೊಡುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ನಮಗೆ ಬೇಕಾದ ಸೋಡಿಯಂ ಕಡಿಮೆ. ಪ್ಯಾಕೆಟ್ಟಿನ ಓಆರ್‌ಎಸ್ ಪುಡಿಯೇ ಸರಿಯಾದದ್ದು, ಬರೆದಷ್ಟು ನೀರಿಗೆ ಬೆರೆಸಿ ಕುಡಿಯಿರಿ. ಮೂತ್ರ ಕಡಿಮೆಯಾಗಿ ತಲೆ ಸುತ್ತಿದರೆ ಆಸ್ಪತ್ರೆಗೆ ಹೋಗಿ.

ಬ್ಯಾಗ್ ತೆಗೆದರು. ಆದರೆ ದಿನಕ್ಕೆ ಹತ್ತು ಸಲ ಓಡುತ್ತಿದ್ದೇನೆ. ಇದು ಸರಿಹೋಗುತ್ತದೆಯೇ?

ಗುದನಾಳವೇ ಮಲವನ್ನು ಹಿಡಿದಿಡುವ ಚೀಲ. ಅದನ್ನು ತೆಗೆದ ಮೇಲೆ ಸ್ವಲ್ಪ ಬಂದರೂ ತಡೆಯಲಾಗದು. ಒಮ್ಮೆ ಹೋದರೆ ಗಂಟೆಯೊಳಗೆ ನಾಲ್ಕು ಸಲ, ಗಾಳಿಯೋ ಮಲವೋ ಗೊತ್ತಾಗದು. ಡಾಕ್ಟರುಗಳು ಇದನ್ನು ಲಾರ್ಸ್ ಎನ್ನುತ್ತಾರೆ. ಬ್ಯಾಗ್ ಮುಚ್ಚಿದ ದಿನ ಎಲ್ಲ ಮುಗಿಯಿತು ಎಂದುಕೊಂಡವರಿಗೆ ಇದು ದೊಡ್ಡ ಪೆಟ್ಟು. ಮೊದಲೇ ಹೇಳಿದ್ದರೆ ಅರ್ಧ ಸಂಕಟ ಕಡಿಮೆಯಾಗುತ್ತಿತ್ತು.

ಒಂದೆರಡು ವರ್ಷದಲ್ಲಿ ಹೆಚ್ಚಿನವರಿಗೆ ಸುಧಾರಿಸುತ್ತದೆ. ಇಸಬ್ಗೋಲನ್ನು ಕಡಿಮೆ ನೀರಿನಲ್ಲಿ ತೆಗೆದುಕೊಂಡರೆ ಮಲ ಮುದ್ದೆಗಟ್ಟುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು, ಭೇದಿ ತಡೆಯುವ ಲೋಪೆರಮೈಡ್ ಮಾತ್ರೆಯನ್ನು ಡಾಕ್ಟರ ಸಲಹೆಯಂತೆ ಬಳಸಬಹುದು. ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ಇದ್ಯಾವುದಕ್ಕೂ ಬಗ್ಗದಿದ್ದರೆ ನೀರು ಹಾಯಿಸಿ ಕರುಳು ತೊಳೆದುಕೊಳ್ಳುವ ಸಾಧನಗಳಿವೆ. ಬಸ್ ಪ್ರಯಾಣಕ್ಕೆ ಹಿಂದಿನ ರಾತ್ರಿಯಿಂದ ಉಪವಾಸ ಇರುವುದು ಪರಿಹಾರವಲ್ಲ.

ಗಂಡ-ಹೆಂಡತಿ ಸಂಬಂಧ?

ಮುಂದುವರಿಯುತ್ತದೆ, ಸ್ವಲ್ಪ ಬದಲಾಗಿ. ಕಿಬ್ಬೊಟ್ಟೆಯ ಆಪರೇಷನ್ನಿನಲ್ಲಿ ನರಗಳಿಗೆ ಪೆಟ್ಟಾದರೆ ಗಂಡಸರಿಗೆ ನಿಮಿರುವಿಕೆ, ಸ್ಖಲನದ ತೊಂದರೆ ಬರಬಹುದು, ಮಾತ್ರೆಗಳಿಂದ ಹಲವರಿಗೆ ಅನುಕೂಲವಾಗುತ್ತದೆ. ರೇಡಿಯೇಷನ್ ಆದ ಹೆಂಗಸರಿಗೆ ಯೋನಿ ಒಣಗಿ ಬಿಗಿಯಾಗುತ್ತದೆ. ಹಿಗ್ಗಿಸುವ ಸಾಧನವನ್ನು ಬೇಗ ಬಳಸಲು ಶುರು ಮಾಡಿದರೆ ಒಳ್ಳೆಯದು. ಅದನ್ನು ಯಾರೂ ಹೇಳದಿದ್ದರೆ ನೀವೇ ಕೇಳಿ, ಲೇಡಿ ಡಾಕ್ಟರು ಬೇಕೆಂದರೆ ಅದನ್ನೂ ಕೇಳಿ. ಚಿಕಿತ್ಸೆ ನಡೆಯುವಾಗ ಬಸಿರಾಗದಂತೆ ಎಚ್ಚರ ಬೇಕೇ ಬೇಕು.

ಮದುವೆಯಾಗದವರು ಗಂಡು-ಹೆಣ್ಣು ನೋಡುವಾಗ ಹೇಳಬೇಕೇ?

ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲ ಭೇಟಿಯಲ್ಲೇ ಎಲ್ಲರೆದುರು ಬೇಡ, ಆದರೆ ಮಾತು ಮುಂದುವರಿಯುತ್ತದೆ ಎನ್ನುವಾಗ ಇಬ್ಬರೇ ಕೂತು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಪ್ರತಿ ಸ್ಕ್ಯಾನಿಗೂ ಸುಳ್ಳು ಹೇಳಬೇಕಾಗುತ್ತದೆ.

ಖರ್ಚಿಗೆ ಏನು ದಾರಿ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ರೇಷನ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕಾಣಿ. ಕಟ್ಟಿದ ಹಣವನ್ನು ಆಮೇಲೆ ವಾಪಸು ಪಡೆಯುವುದು ಬಲು ಕಷ್ಟ.

ಗಾರ್ಮೆಂಟ್ಸ್, ಫ್ಯಾಕ್ಟರಿಗಳಲ್ಲಿ ದುಡಿಯುವವರಿಗೆ ಇಎಸ್‌ಐ ಇರುತ್ತದೆ. ಅದರಲ್ಲಿ ಕ್ಯಾನ್ಸರಿಗೆ ವಿಸ್ತೃತ ಅನಾರೋಗ್ಯ ಭತ್ಯೆ ಎಂದು ಸಂಬಳದ ಶೇ 80ರಷ್ಟು, ಎರಡು ವರ್ಷದವರೆಗೆ ಸಿಗುತ್ತದೆ. ಎರಡು ವರ್ಷ ಸತತ ಕೆಲಸದಲ್ಲಿರಬೇಕು ಎಂಬ ಷರತ್ತಿದೆ. ಇದು ಗೊತ್ತಿಲ್ಲದೆ ರಾಜೀನಾಮೆ ಬರೆದುಕೊಟ್ಟ ಹೆಣ್ಣುಮಕ್ಕಳನ್ನು ನೋಡಿ ಹೊಟ್ಟೆ ಉರಿದಿದೆ. ಏನೇ ಆಗಲಿ, ರಾಜೀನಾಮೆಗೆ ಸಹಿ ಹಾಕಬೇಡಿ. ರಜೆ ಕೇಳಿ.

ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರುವ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೂ ರಿಯಾಯಿತಿ ಇದೆ. ನಮೂನೆಗೆ ಆಸ್ಪತ್ರೆಯ ಸಹಿ ಬೇಕು. ಬ್ಯಾಗಿನ ಖರ್ಚು ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ವಿಚಾರಿಸಿ, ಬ್ಯಾಗ್ ತೆಗೆಸಿಕೊಂಡವರು ಉಳಿದ ಹೊಸ ಬ್ಯಾಗುಗಳನ್ನು ಅಲ್ಲಿ ಕೊಟ್ಟುಹೋಗಿರುತ್ತಾರೆ.

ಚಿಕಿತ್ಸೆ ಮುಗಿಯಿತು. ಈಗ?

ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಡಾಕ್ಟರ ಭೇಟಿ ಮತ್ತು ಸಿಇಎ ಎಂಬ ರಕ್ತಪರೀಕ್ಷೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಕೊಲೊನೋಸ್ಕೋಪಿ ಒಂದು ವರ್ಷಕ್ಕೆ, ಎಲ್ಲ ಸರಿಯಿದ್ದರೆ ಮತ್ತೆ ಮೂರು ವರ್ಷಕ್ಕೆ, ನಂತರ ಐದು ವರ್ಷಕ್ಕೊಮ್ಮೆ. ಸಿಗರೇಟು ಸೇದುವವರಲ್ಲಿ ಸಿಇಎ ತುಸು ಹೆಚ್ಚಿರುತ್ತದೆ. ಒಂದು ಸಂಖ್ಯೆ ಏರಿದ ಕೂಡಲೇ ರೋಗ ಮರಳಿತು ಎಂದಲ್ಲ, ಮತ್ತೆ ಮಾಡಿಸಿ ನೋಡುತ್ತಾರೆ.

ಭಯ ಮಾತ್ರ ಕಾರ್ಡಿನಲ್ಲಿ ಬರೆದ ದಿನಾಂಕಕ್ಕಿಂತ ಮೊದಲೇ ಬರುತ್ತದೆ. ಸ್ಕ್ಯಾನಿನ ವಾರ ನಿದ್ದೆ ಬಾರದು, ಮನೆಯವರ ಮೇಲೆ ಸಿಡುಕು, ಹೊಟ್ಟೆಯಲ್ಲಿ ಎಲ್ಲಿ ಚುಳಕ್ ಎಂದರೂ ಅದೇ ಅನ್ನಿಸುವುದು. ವಿಚಿತ್ರವೆಂದರೆ ಚಿಕಿತ್ಸೆ ನಡೆಯುವಾಗ ಗಟ್ಟಿಯಾಗಿದ್ದವರು ಮುಗಿದ ಮೇಲೆ ಕುಸಿಯುತ್ತಾರೆ. ಅಲ್ಲಿಯವರೆಗೆ ಪ್ರತಿ ವಾರ ಯಾರೋ ಒಬ್ಬರು ನಮ್ಮನ್ನು ಪರೀಕ್ಷಿಸುತ್ತಿದ್ದರು, ಈಗ ಯಾರೂ ಇಲ್ಲ. ಊರಿನವರಿಗೆ ನಾವು ಗುಣವಾದವರು. ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿಯೇ ಇದ್ದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಬರದಂತೆ ನಾನೇನಾದರೂ ಮಾಡಬಹುದೇ?

ನಡೆಯಿರಿ. ಇದು ಬರೀ ಸಮಾಧಾನದ ಮಾತಲ್ಲ. ಮುಖ್ಯವಾಗಿ ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನಡೆದ ಚಾಲೆಂಜ್ ಎಂಬ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಕೀಮೋ ಮುಗಿಸಿದ 889 ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮೂರು ವರ್ಷ ಮಾರ್ಗದರ್ಶಕರ ಜೊತೆ ವ್ಯಾಯಾಮ, ಉಳಿದವರಿಗೆ ಆರೋಗ್ಯದ ಪುಸ್ತಿಕೆ. ಎಂಟು ವರ್ಷದ ಹೊತ್ತಿಗೆ ವ್ಯಾಯಾಮದವರಲ್ಲಿ ಶೇ 90.3 ಮಂದಿ ಬದುಕಿದ್ದರು, ಪುಸ್ತಿಕೆಯವರಲ್ಲಿ ಶೇ 83.2. ವಾರಕ್ಕೆ ಮೂರು ನಾಲ್ಕು ಸಲ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಆಗುವಷ್ಟೇ ವ್ಯಾಯಾಮ ಅದು. ಸ್ಟೋಮಾ ಇರುವವರು ಭಾರ ಎತ್ತುವ ಮೊದಲು ಡಾಕ್ಟರನ್ನು ಕೇಳಿ, ಹರ್ನಿಯಾ ಆಗಬಹುದು.

ಕಷಾಯ, ಗೋಮೂತ್ರ, ಲಕ್ಷ್ಮಣಫಲ?

ಇವುಗಳಿಂದ ಈ ರೋಗ ಗುಣವಾಗುವುದಿಲ್ಲ. ಕೀಮೋ ಜೊತೆ ಯಾವ ಬೇರು, ಎಲೆ ಕುಡಿಯುತ್ತಿದ್ದರೂ ಡಾಕ್ಟರಿಗೆ ತಿಳಿಸಿ, ಲಿವರಿಗೆ ಹೊರೆಯಾಗಬಹುದು.

ನಾಲ್ಕನೇ ಹಂತ ಎಂದಿದ್ದಾರೆ. ಎಲ್ಲ ಮುಗಿಯಿತೇ?

ಲಿವರಿಗೆ ಮಾತ್ರ ಹರಡಿ, ಆ ಗಂಟುಗಳನ್ನು ಕತ್ತರಿಸಿ ತೆಗೆಯಲಾದರೆ ಕೆಲವರು ಪೂರ್ತಿ ಗುಣವಾಗುವುದೂ ಉಂಟು. ಹಾಗಾಗಿ ಲಿವರ್ ಸರ್ಜನ್ ಒಬ್ಬರು ಸ್ಕ್ಯಾನ್ ನೋಡದೆ 'ಆಪರೇಷನ್ ಆಗದು' ಎಂಬ ಮಾತನ್ನು ಒಪ್ಪಬೇಡಿ. ಆಗದವರಿಗೂ ರಾಸ್, ಬ್ರಾಫ್ ಜೀನುಗಳ ಪರೀಕ್ಷೆ ನೋಡಿ ಔಷಧಿ ಆರಿಸುತ್ತಾರೆ, ವರ್ಷಗಟ್ಟಲೆ ಬದುಕುವವರಿದ್ದಾರೆ.

ನೋವು ಶಮನದ ಆರೈಕೆಯನ್ನು ಮೊದಲಿಂದಲೇ ಕೇಳಿ. ಅದು ಕೊನೆಯ ದಿನಗಳಿಗೆ ಮಾತ್ರವಲ್ಲ. ಮಾರ್ಫಿನ್ ಮಾತ್ರೆಗೆ ಹೆದರಿ ನರಳಬೇಕಿಲ್ಲ. ಬೆಂಗಳೂರಿನ ಕರುಣಾಶ್ರಯದಲ್ಲಿ, ಗುಣಪಡಿಸಲಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಈ ಆರೈಕೆ ಪೂರ್ತಿ ಉಚಿತ.

ನನ್ನ ತಮ್ಮ, ತಂಗಿ, ಮಕ್ಕಳಿಗೂ ಬರುತ್ತದೆಯೇ?

ಎಲ್ಲರಿಗೂ ಅಲ್ಲ, ಆದರೆ ಚಿಕ್ಕ ವಯಸ್ಸಿನಲ್ಲಿ ಬಂದ ಪ್ರತಿಯೊಬ್ಬರೂ ಜೀನ್ ಪರೀಕ್ಷೆಯ ಬಗ್ಗೆ ಕೇಳಬೇಕು. ಜೀವಕೋಶದ ತಪ್ಪು ತಿದ್ದುವ ವ್ಯವಸ್ಥೆಯ ದೋಷ ವಂಶದಲ್ಲೇ ಹರಿದುಬಂದರೆ ಅದು ಲಿಂಚ್ ಸಿಂಡ್ರೋಮ್. ಅದಿದ್ದರೆ ಪ್ರತಿ ಮಗುವಿಗೂ ಆ ದೋಷ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂಥ ಮನೆಗಳಲ್ಲಿ ಗರ್ಭಕೋಶ, ಅಂಡಾಶಯದ ಕ್ಯಾನ್ಸರುಗಳೂ ಕಾಣಿಸುತ್ತವೆ. 'ಅಜ್ಜಿಗೆ ಹೊಟ್ಟೆಯಲ್ಲಿ ಗಡ್ಡೆ ಇತ್ತಂತೆ', 'ಚಿಕ್ಕಮ್ಮ ರಕ್ತ ಹೋಗಿ ತೀರಿಕೊಂಡರಂತೆ' ಎಂಬ ಮಾತುಗಳನ್ನು ಡಾಕ್ಟರಿಗೆ ಹಾಗೆಯೇ ಹೇಳಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಎರಡೂ ಕಡೆಯ ವಂಶಾವಳಿ ಒಂದೇ ಆಗಿರುವುದರಿಂದ ಅದನ್ನೂ ತಿಳಿಸಿ. ಕರುಳಿನ ತುಂಬ ನೂರಾರು ಪಾಲಿಪ್ ಬರುವ ಎಫ್‌ಎಪಿ ಎಂಬ ಇನ್ನೊಂದು ಬಗೆ ಇದೆ, ಅದರಲ್ಲಿ ಹತ್ತು ಹನ್ನೆರಡು ವರ್ಷದಿಂದಲೇ ಮಕ್ಕಳನ್ನು ನೋಡಬೇಕಾಗುತ್ತದೆ.

ಜೀನಿನಲ್ಲಿ ಏನೂ ಸಿಗದಿದ್ದರೂ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಕೊಲೊನೋಸ್ಕೋಪಿ ಮಾಡಿಸಬೇಕು. ಲೆಕ್ಕ ಸರಳ: ನಲವತ್ತನೇ ವಯಸ್ಸು, ಇಲ್ಲವೇ ನಿಮಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗನೋ ಅದು. ನಿಮಗೆ 36ಕ್ಕೆ ಬಂದಿದ್ದರೆ ತಮ್ಮ 26ಕ್ಕೆ ಮಾಡಿಸಬೇಕು. ಲಿಂಚ್ ಇದ್ದವರು ಇಪ್ಪತ್ತರಿಂದ ಇಪ್ಪತ್ತೈದರೊಳಗೆ ಶುರು ಮಾಡಿ ಒಂದೆರಡು ವರ್ಷಕ್ಕೊಮ್ಮೆ. ಅಮೆರಿಕದಲ್ಲಿ ಸಾಮಾನ್ಯ ಜನರ ತಪಾಸಣೆಯನ್ನೇ 2021ರಲ್ಲಿ ಐವತ್ತರಿಂದ ನಲವತ್ತೈದಕ್ಕೆ ಇಳಿಸಿದರು. ನಮ್ಮ ಸರ್ಕಾರಿ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಇವೆ, ಕರುಳಿಲ್ಲ. ಯಾರೂ ಕರೆದು ಪರೀಕ್ಷೆ ಮಾಡುವುದಿಲ್ಲ, ನಾವೇ ಹೋಗಬೇಕು.

ತಮ್ಮ 'ನನಗೇನೂ ಆಗಿಲ್ಲ' ಎಂದು ತಳ್ಳಿಹಾಕಿದರೆ ನಿಮ್ಮ ಬಯಾಪ್ಸಿ ರಿಪೋರ್ಟಿನ ಫೋಟೋ ಅವನ ಫೋನಿಗೆ ಕಳಿಸಿ, ಡಾಕ್ಟರಿಗೆ ತೋರಿಸಲು ಅದು ಬೇಕೇ ಬೇಕು. ಅಪಾಯಿಂಟ್‌ಮೆಂಟನ್ನು ನೀವೇ ಮಾಡಿಸಿ. ಹಿಂದಿನ ರಾತ್ರಿ ಆ ಉಪ್ಪುನೀರು ಕುಡಿಯುವಾಗ ಜೊತೆಗೆ ಕೂರಿ.